ಕಾರವಾರದಲ್ಲಿ ಕೂತು ಗಂಗೋತ್ರಿಯ ಮಂಜುಗಡ್ಡೆ ಅಳೆಯೋದು ಹೇಗೆ

ಗೋಕರ್ಣದ ಹತ್ತಿರ ಸಾಣಿಕಟ್ಟಾದ ಉಪ್ಪಿನಾಗರ ನೋಡಿದ್ದೀರಲ್ವಾ? ಅಲ್ಲಿನ ಒಂದು ಉಪ್ಪಿನ ರಾಶಿ ನೆನಪು ಮಾಡಿಕೊಳ್ಳಿ. ನೆತ್ತಿಯಿಂದ ಹತ್ತು ಬುಟ್ಟಿ ತೆಗೆದರೂ ಬುಡದ ಅಗಲ ಹಾಗೇ ಇರುತ್ತದೆ. ಹಿಮನದಿಯೂ ಹಾಗೇ. ಗಂಗೋತ್ರಿ ಹಿಮನದಿಯ ಕೆಳತುದಿಯಾದ ಗೋಮುಖ ಎಷ್ಟು ಹಿಂದೆ ಸರಿಯಿತು ಅಂತ ನೋಡಿದರೆ ಅಂಚಿನ ಕತೆ ಮಾತ್ರ ಗೊತ್ತಾಗುತ್ತದೆ, ಎಷ್ಟು ಕರಗಿತು ಅನ್ನೋದಕ್ಕೆ ಎತ್ತರ ಬೇಕೇ ಬೇಕು.

ಮೊದಲು ಅಂಚು ಗುರುತಿಸಿ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳು ಉಚಿತ, 2015ರಿಂದ ಸಿಗುತ್ತವೆ. ಅದಕ್ಕೂ ಹಳೆಯದು ಬೇಕಿದ್ದರೆ ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳದ್ದು. ಸೆಪ್ಟೆಂಬರ್ ಕೊನೆಯ ಚಿತ್ರವನ್ನೇ ಹುಡುಕಿ, ಆಗ ಮಳೆಮೋಡ ಕಡಿಮೆ ಆಗಿರುತ್ತದೆ, ಚಳಿಗಾಲದ ಹೊಸ ಹಿಮವೂ ಇನ್ನೂ ಕೂತಿರುವುದಿಲ್ಲ. ಕ್ಯೂಜಿಐಎಸ್ ಅನ್ನೋ ಉಚಿತ ನಕ್ಷೆ ತಂತ್ರಾಂಶದ ರಾಸ್ಟರ್ ಕ್ಯಾಲ್ಕುಲೇಟರ್‌ನಲ್ಲಿ ಸೆಂಟಿನೆಲ್-2ರ ಬ್ಯಾಂಡ್ 3ರಲ್ಲಿ (ಹಸಿರು ಬೆಳಕು) ಬ್ಯಾಂಡ್ 11 (ಕಣ್ಣಿಗೆ ಕಾಣದ ಅವಕೆಂಪು ಬೆಳಕು) ಕಳೆದು, ಬಂದದ್ದನ್ನು ಅವೆರಡರ ಮೊತ್ತದಿಂದ ಭಾಗಿಸಿ. 0.4ಕ್ಕಿಂತ ಜಾಸ್ತಿ ಇದ್ದಲ್ಲಿ ಸಾಮಾನ್ಯವಾಗಿ ಹಿಮ ಅಥವಾ ಮಂಜುಗಡ್ಡೆ. ಆದರೆ ಗಂಗೋತ್ರಿಯ ಕೆಳಭಾಗ ಮಡಲು ಮುಚ್ಚಿದ ರಾಶಿಯ ಹಾಗೆ ಕಲ್ಲುಮಣ್ಣು ಹೊದ್ದುಕೊಂಡಿದೆ, ಈ ಲೆಕ್ಕದಲ್ಲಿ ಅದು ಬರೀ ನೆಲ. ಅಲ್ಲಿ ಗೆರೆಯನ್ನು ಕೈಯಲ್ಲೇ ಎಳೆಯಿರಿ.

ಈಗ ಎತ್ತರ. 2000ದ ಫೆಬ್ರುವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರಾಡಾರ್ ಬಳಸಿ ಅಳೆದ ಎಸ್‌ಆರ್‌ಟಿಎಂ ಎತ್ತರ ನಕ್ಷೆ, 2011ರಿಂದ 2015ರ ನಡುವಿನ ಉಪಗ್ರಹ ಅಳತೆಗಳಿಂದ ಮಾಡಿದ ಯುರೋಪಿನ ಕೋಪರ್ನಿಕಸ್ ಎತ್ತರ ನಕ್ಷೆ, ಎರಡನ್ನೂ ಇಳಿಸಿಕೊಳ್ಳಿ. ಎರಡರ ಎತ್ತರಕ್ಕೂ ಒಂದೇ ಆಧಾರಮಟ್ಟ, ಅಂದರೆ ಎತ್ತರ ಎಣಿಸುವ ಸೊನ್ನೆ ಮಟ್ಟ, ಇರಬೇಕು, ಅದನ್ನು ಮೊದಲೇ ಸರಿಮಾಡಿಕೊಳ್ಳಿ. ಆಮೇಲೆ ಹೊಸದರಲ್ಲಿ ಹಳೆಯದನ್ನು ಕಳೆಯಿರಿ.

ಇಲ್ಲೇ ನಿಧಾನ ಮಾಡಬೇಕಾದ್ದು. ನಾನು ಮೊದಲ ಸಲ ಕಳೆದಾಗ ಪ್ರತಿ ಗುಡ್ಡದ ಒಂದು ಮಗ್ಗುಲು ಪೂರ್ತಿ ಕೆಂಪು (ಇಳಿದಂತೆ), ಇನ್ನೊಂದು ಪೂರ್ತಿ ನೀಲಿ (ಏರಿದಂತೆ). ಬಂಡೆ ಕರಗುವುದಿಲ್ಲ, ಬೆಳೆಯುವುದೂ ಇಲ್ಲ, ಅಲ್ವಾ? ನಕ್ಷೆಗಳೇ ಒಂದಕ್ಕೊಂದು ತುಸು ಪಕ್ಕಕ್ಕೆ ಜರುಗಿದ್ದವು. ಹಿಮನದಿಯ ಹೊರಗಿನ ಬಂಡೆ ನೆಲದಲ್ಲಿ ವ್ಯತ್ಯಾಸ ಸೊನ್ನೆಯ ಆಸುಪಾಸಿಗೆ ಬರುವ ತನಕ ಒಂದು ನಕ್ಷೆಯನ್ನು ಜರುಗಿಸಿ ಇನ್ನೊಂದಕ್ಕೆ ಹೊಂದಿಸಿ. ಅದಾಗದೆ ಮುಂದೆ ಹೋಗಲೇಬೇಡಿ.

ಉಳಿದದ್ದು ಗುಣಾಕಾರ. ಉದಾಹರಣೆಗೆ 10 ಚದರ ಕಿಲೋಮೀಟರ್ ಜಾಗ ಸರಾಸರಿ 5 ಮೀಟರ್ ಇಳಿದಿದ್ದರೆ ಹೋದದ್ದು 5 ಕೋಟಿ ಘನ ಮೀಟರ್. ಒಂದು ಘನ ಮೀಟರಿಗೆ 850 ಕಿಲೋ ಹಿಡಿಯುವುದು ರೂಢಿ, ಅಂದರೆ 4.25 ಕೋಟಿ ಟನ್. ಒಂದು ಎಚ್ಚರಿಕೆ: ಎಸ್‌ಆರ್‌ಟಿಎಂನ ರಾಡಾರ್ ಅಲೆ ಒಣ ಹಿಮದೊಳಗೆ ಕೆಲವು ಮೀಟರ್ ಇಳಿದು ಹಿಂದಿರುಗುತ್ತದೆ. ಹಾಗಾಗಿ 2000ದ ಮೇಲ್ಮೈ ನಕ್ಷೆಯಲ್ಲಿ ಇದ್ದದ್ದಕ್ಕಿಂತ ತಗ್ಗಾಗಿ ಕಾಣುತ್ತದೆ, ಅದನ್ನು ಸರಿಪಡಿಸದಿದ್ದರೆ ನಿಮ್ಮ ಲೆಕ್ಕದಲ್ಲಿ ನಷ್ಟ ಕಡಿಮೆ ಬರುತ್ತದೆ.