ಒಂದೇ ವಿಳಾಸ, ಎರಡು ಒಲೆ

ನಾವಿರುವುದು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ, ಒಂದು ಹಳೆಯ ಮನೆಯ ಕೆಳಭಾಗದಲ್ಲಿ. ಮೇಲೆ ಬಂಗಾಳಿ ಕುಟುಂಬ. ಎರಡು ಸಂಸಾರಕ್ಕೂ ಮನೆ ನಂಬರು ಒಂದೇ. 2023ರಲ್ಲಿ ನನ್ನವರ ಕೆಲಸ ಹೋಗಿ ಅರೆಕಾಲಿಕ ದುಡಿಮೆಗೆ ಇಳಿದಾಗ ನಾನು ಮೊದಲು ಕೈಹಾಕಿದ್ದು ಇಂಟರ್‌ನೆಟ್ ಬಿಲ್ಲಿಗೆ. ಅದನ್ನು ನಿಲ್ಲಿಸುವಂತಿರಲಿಲ್ಲ, ಮಗನ ಮನೆಪಾಠವೆಲ್ಲ ಅದರಲ್ಲೇ.

ಆಗ ಎಸಿಪಿ ಎಂಬ ಕೇಂದ್ರ ಸರ್ಕಾರದ ಯೋಜನೆ ಇತ್ತು. ಬಿಲ್ಲಿನಲ್ಲಿ ತಿಂಗಳಿಗೆ 30 ಡಾಲರ್ ಇಳಿಯುತ್ತಿತ್ತು. ಅದು ಆಹಾರದ ನೆರವು ಪಡೆಯುವವರಿಗೆ ಮಾತ್ರ ಎಂದುಕೊಂಡು ಅರ್ಧ ವರ್ಷ ಸುಮ್ಮನಿದ್ದೆ. ನಗರದ ಸರ್ಕಾರಿ ಶಾಲೆಗಳಲ್ಲಿ ಎಲ್ಲ ಮಕ್ಕಳಿಗೂ ಊಟ ಉಚಿತ, ಅಂಥ ಶಾಲೆಯಲ್ಲಿ ಮಗು ಓದುತ್ತಿದ್ದರೆ ಅಷ್ಟೇ ಸಾಕು ಎಂದು ತಿಳಿದದ್ದು ಗ್ರಂಥಾಲಯದಲ್ಲಿ. ಪೌರತ್ವವನ್ನೂ ಕೇಳುತ್ತಿರಲಿಲ್ಲ.

ಮೊದಲ ಅರ್ಜಿ ತಿರಸ್ಕೃತವಾಯಿತು. ಕಾರಣ, ನನ್ನ ಹೆಸರು. ಪಾಸ್‌ಪೋರ್ಟಿನಲ್ಲಿ ಊರು, ಅಪ್ಪನ ಹೆಸರು ಎರಡೂ ಬಿಡಿಸಿ ಬರೆದಿವೆ. ಇಲ್ಲಿನ ಗುರುತಿನ ಚೀಟಿಯಲ್ಲಿ ಅವು ಬರೀ ಇನಿಷಿಯಲ್ಲುಗಳು. ಅರ್ಜಿಯಲ್ಲಿ ಒಂದು ರೂಪ ಬರೆದು ಇನ್ನೊಂದು ರೂಪದ ದಾಖಲೆ ಜೋಡಿಸಿದ್ದೆ. ಎರಡನೆಯ ಸಲ ಚೀಟಿಯಲ್ಲಿ ಇದ್ದಂತೆಯೇ, ಅಕ್ಷರಕ್ಕೆ ಅಕ್ಷರ ಬರೆದೆ.

ಅದೂ ನಿಂತಿತು. ಈ ವಿಳಾಸಕ್ಕೆ ಸೌಲಭ್ಯ ಈಗಾಗಲೇ ಹೋಗುತ್ತಿದೆಯಂತೆ. ಮೇಲಿನವರು ನಮಗಿಂತ ಮೊದಲೇ ಪಡೆದಿದ್ದರು! ಮನೆಗೊಂದೇ ಎಂಬುದು ನಿಯಮವಾಗಿತ್ತು. ಆದರೆ ಮನೆ ಎಂದರೆ ಕಟ್ಟಡವಲ್ಲ, ಆದಾಯ ಮತ್ತು ಖರ್ಚು ಒಟ್ಟಿಗೆ ಇರುವ ಸಂಸಾರ. ನಮ್ಮ ಕಡೆ ಅಣ್ಣತಮ್ಮಂದಿರು ಒಂದೇ ಸೂರಿನಡಿ ಇದ್ದರೂ ಒಲೆ ಬೇರೆಯಾದರೆ ಮನೆ ಎರಡಾಗುತ್ತದಲ್ಲ, ಅದೇ ಲೆಕ್ಕ. ಅದನ್ನು ಹೇಳಲು ಪ್ರತ್ಯೇಕ ನಮೂನೆಯೇ ಇತ್ತು. ತುಂಬಿದೆ. ಪ್ರತಿ ಹೇಳಿಕೆಯ ಪಕ್ಕದಲ್ಲೂ ಇನಿಷಿಯಲ್ ಹಾಕಬೇಕಿತ್ತು. ಯಾವ ಇನಿಷಿಯಲ್ಲಿಂದ ಅರ್ಜಿ ಬಿದ್ದುಹೋಗಿತ್ತೋ ಅದನ್ನೇ ಸಾಲುಸಾಲಾಗಿ ಬರೆದೆ.

ಮಂಜೂರಾದ ಮೇಲೂ ಒಂದು ತಿಂಗಳು ಕಳೆದುಕೊಂಡೆ. ಬಿಲ್ಲು ತಾನಾಗಿ ಇಳಿಯುತ್ತದೆ ಎಂದು ಕಾದಿದ್ದು ನನ್ನದೇ ತಪ್ಪು. ಅರ್ಜಿ ಸಂಖ್ಯೆಯನ್ನು ಇಂಟರ್‌ನೆಟ್ ಕಂಪನಿಗೆ ಕೊಟ್ಟು ಅವರಲ್ಲಿಯೂ ಹೆಸರು ಸೇರಿಸಿಕೊಳ್ಳಬೇಕಿತ್ತು. ಫೋನೆತ್ತಿದವನು ಇದೇ ಅವಕಾಶವೆಂದು ದುಬಾರಿ ಪ್ಲಾನ್ ಹಚ್ಚಲು ನೋಡಿದ. ಈಗಿರುವುದೇ ಇರಲಿ ಎಂದೆ.

2024ರ ಫೆಬ್ರವರಿಯಲ್ಲಿ ಹೊಸ ಅರ್ಜಿ ನಿಂತವು, ಜೂನ್ ಹೊತ್ತಿಗೆ ದುಡ್ಡು ಮುಗಿದು ಯೋಜನೆಯೇ ಮುಚ್ಚಿತು. 2.3 ಕೋಟಿ ಮನೆಗಳ ಜೊತೆ ನಾವೂ ಪೂರ್ತಿ ಬಿಲ್ಲಿಗೆ ಮರಳಿದೆವು. ಲೈಫ್‌ಲೈನ್ ಎಂಬ ಹಳೆಯ ಯೋಜನೆ ಉಳಿದಿತ್ತು, ತಿಂಗಳಿಗೆ 9.25 ಡಾಲರ್ ರಿಯಾಯಿತಿ, ಅದಕ್ಕೆ ಶಾಲೆಯ ಊಟ ಲೆಕ್ಕಕ್ಕಿಲ್ಲ, ನಮ್ಮ ಆದಾಯ ಅದರ ಮಿತಿಯನ್ನು ಸ್ವಲ್ಪ ದಾಟುತ್ತಿತ್ತು.

2025ರ ಜನವರಿ 15ರಿಂದ ನ್ಯೂಯಾರ್ಕ್ ರಾಜ್ಯದ ಕಾನೂನು ಜಾರಿಗೆ ಬಂತು. ಅರ್ಹರಿಗೆ 25 ಎಂಬಿಪಿಎಸ್ ವೇಗದ ಸಂಪರ್ಕವನ್ನು ದೊಡ್ಡ ಕಂಪನಿಗಳು ತಿಂಗಳಿಗೆ 15 ಡಾಲರಿಗೆ ಕೊಡಬೇಕು. ತೆರಿಗೆ, ರೌಟರ್ ಬಾಡಿಗೆ ಎಲ್ಲವೂ ಅದರಲ್ಲೇ. ಅಷ್ಟರಲ್ಲಿ ಮಗನಿಗೆ ಮೆಡಿಕೇಡ್, ಅಂದರೆ ಕಡಿಮೆ ಆದಾಯದವರ ಸರ್ಕಾರಿ ಆರೋಗ್ಯ ವಿಮೆ, ಸಿಕ್ಕಿತ್ತು, ಅರ್ಹತೆಗೆ ಪುರಾವೆಯಾಗಿ ಆ ಕಾರ್ಡನ್ನೇ ಕೊಟ್ಟೆ. ಕಂಪನಿಯ ಜಾಹೀರಾತಿನಲ್ಲಿ ಈ ಪ್ಲಾನಿನ ಸುಳಿವೇ ಇರಲಿಲ್ಲ. ರಾಜ್ಯದ ಕಾನೂನಿನ ಹದಿನೈದು ಡಾಲರಿನದು ಎಂದು ಮೂರು ಸಲ ಹೇಳಿದ ಮೇಲೆ ಅವರ ಕಂಪ್ಯೂಟರಿಗೆ ಅದು ಕಾಣಿಸಿತು.

ವಿಷಯ ಕೇಳಿ ಮೇಲಿನ ಮನೆಯಾಕೆ ಪ್ಲಾಸ್ಟಿಕ್ ಚೀಲದಲ್ಲಿ ಕಾಗದಪತ್ರ ಹಿಡಿದು ಇಳಿದುಬಂದರು. ಚಹಾಕ್ಕೆ ನೀರಿಟ್ಟು, ಮೊದಲು ಅವರ ಎರಡು ಕಾರ್ಡುಗಳನ್ನು ಪಕ್ಕಪಕ್ಕ ಇಟ್ಟು ಹೆಸರಿನ ಕಾಗುಣಿತ ನೋಡಿದೆ.