ಮಾಲೀಶಿಗೆ ಮನೆಗೆ ಬಂದವರಿಗೆ ಎಷ್ಟು ಕೊಡಬೇಕು?

ಟಿಪ್ಸ್ ಎಷ್ಟು ಎಂಬ ಗೊಂದಲ ಬಾಗಿಲ ಬಳಿ, ಅವರು ಚೀಲ ಹೆಗಲಿಗೇರಿಸಿದ ಹೊತ್ತಿಗೆ ಶುರುವಾಗುತ್ತದೆ. ಹೆಚ್ಚಿನ ಸಲ ಅದು ಟಿಪ್ಸಿನ ಗೊಂದಲವೇ ಅಲ್ಲ, ದರದ್ದು. ದರದಲ್ಲಿ ಏನೇನು ಸೇರಿದೆ ಎಂದು ಫೋನಿನಲ್ಲೇ ಕೇಳಿಕೊಂಡಿದ್ದರೆ ಕೊನೆಗೆ ಎಷ್ಟು ಕೊಡಬೇಕೆಂಬುದು ತಾನಾಗಿಯೇ ಗೊತ್ತಾಗುತ್ತದೆ.

ಮಂಗಳೂರು, ಉಡುಪಿ ಕಡೆ ಮನೆಗೆ ಬರುವವರು ನಾಲ್ಕು ಬಗೆ: ಬಾಳಂತಿ ಮತ್ತು ಮಗುವನ್ನು ಮೀಯಿಸುವ ಹೆಂಗಸರು, ಸ್ವಂತವಾಗಿ ದುಡಿಯುವ ಆಯುರ್ವೇದ ಥೆರಪಿಸ್ಟ್‌ಗಳು, ಸೆಂಟರ್ ಅಥವಾ ಆ್ಯಪ್ ಕಳುಹಿಸುವವರು, ಫಿಸಿಯೋಥೆರಪಿಸ್ಟ್‌ಗಳು. ಕೊನೆಯವರಿಗೆ ಟಿಪ್ಸ್ ಬೇಡ. ಅವರದು ವೈದ್ಯಕೀಯ ಶುಲ್ಕ. ಮೇಲೆ ನೂರು ರೂಪಾಯಿ ಚಾಚಿದರೆ ಇಬ್ಬರಿಗೂ ಮುಜುಗರ. ಉಳಿದ ಮೂವರಿಗೂ ಒಂದೇ ಲೆಕ್ಕ ನಡೆಯುವುದಿಲ್ಲ.

ದರ ಕೇಳುವಾಗ

ಮೊದಲ ಪ್ರಶ್ನೆ ಸಮಯದ್ದು. "ಒಂದು ಗಂಟೆ" ಅಂದರೆ ಮೈಮೇಲೆ ಕೈಯಿರುವ 60 ನಿಮಿಷವೋ, ಗೇಟಿನೊಳಗೆ ಕಾಲಿಟ್ಟಲ್ಲಿಂದ ಹೊರಡುವವರೆಗಿನ 60 ನಿಮಿಷವೋ? ಶೀಟ್ ಹಾಸಿ ಎಣ್ಣೆ ಬಿಸಿ ಮಾಡಲು ಹತ್ತು ನಿಮಿಷ, ಒರೆಸಿ ಕಟ್ಟಿಕೊಳ್ಳಲು ಇನ್ನು ಹತ್ತು ನಿಮಿಷ ಬೇಕು. ಸರಿಯಾದ ಒಂದು ಗಂಟೆಯ ಅಭ್ಯಂಗಕ್ಕೆ ಅವರು ನಿಮ್ಮ ಮನೆಯಲ್ಲಿ ಕಡಿಮೆಯೆಂದರೂ 80 ನಿಮಿಷ ಇರುತ್ತಾರೆ. "ಹತ್ತು ನಿಮಿಷ ಕಡಿಮೆ ಮಾಡಿದರು" ಎಂಬ ದೂರಿನ ಮೂಲ ಬಹುಪಾಲು ಇಲ್ಲೇ.

ಎರಡನೆಯದು ಎಣ್ಣೆ. ಪೂರ್ತಿ ಮೈಗೆ 100ರಿಂದ 150 ಮಿಲಿಲೀಟರ್ ಬೇಕು. ಧಾನ್ವಂತರಂ, ಕ್ಷೀರಬಲಾ, ಮಹಾನಾರಾಯಣದಂಥ ತೈಲಗಳು 200 ಅಥವಾ 450 ಮಿಲಿಲೀಟರ್ ಬಾಟಲಿಯಲ್ಲಿ ಸಿಗುತ್ತವೆ. ದೊಡ್ಡದು ಮೂರ್ನಾಲ್ಕು ಸಲಕ್ಕೆ ಸಾಕು. ನೀವೇ ಎಣ್ಣೆ ತಂದರೆ ದರ ಇಳಿಯಬೇಕು, ಇಳಿಸದಿದ್ದರೆ ಕೇಳಿ. ಅವರೇ ತರುವುದಾದರೆ ಯಾವ ತೈಲ, ಸೀಲ್ ಒಡೆಯದ ಬಾಟಲಿಯೋ ಎಂದು ಕೇಳಿ. ಬಿಡಿ ಬಾಟಲಿಯಲ್ಲಿ ಬರುವ ಹೆಸರಿಲ್ಲದ ಎಣ್ಣೆಗೆ ತೈಲದ ಬೆಲೆ ತೆರಬೇಡಿ. ಪೊಟ್ಟಳಿ (ಮೂಲಿಕೆ ಕಟ್ಟಿದ ಬಟ್ಟೆಯ ಗಂಟಿನಿಂದ ಕೊಡುವ ಶಾಖ) ಇದ್ದರೆ ಅದರ ಸಾಮಗ್ರಿಯ ಖರ್ಚು ಬೇರೆ. ಮೈಮೇಲೆ ಬಿಸಿ ಎಣ್ಣೆ ಧಾರೆಯಾಗಿ ಸುರಿಯುವ ಪಿಳಿಚ್ಚಿಲ್‌ಗೆ ಲೀಟರುಗಟ್ಟಲೆ ಎಣ್ಣೆ, ದ್ರೋಣಿ (ಮಲಗಿಸುವ ಮರದ ತೊಟ್ಟಿ), ಇಬ್ಬರು ಕೆಲಸದವರು ಬೇಕು. ಅದನ್ನು ಫ್ಲ್ಯಾಟಿನ ಮಲಗುವ ಕೋಣೆಯಲ್ಲಿ ಅಗ್ಗಕ್ಕೆ ಮಾಡಿಕೊಡುತ್ತೇವೆ ಎನ್ನುವವರನ್ನು ಬಿಟ್ಟುಬಿಡುವುದೇ ವಾಸಿ.

ಮೂರನೆಯದು ದಾರಿ ಖರ್ಚು. ಮಂಗಳೂರಿನಲ್ಲಿ ಕದ್ರಿಯಿಂದ ಪಕ್ಕದ ಬಿಜೈಗೆ ಬರುವುದೂ ಸ್ಟೇಟ್‌ಬ್ಯಾಂಕ್ ಬಸ್‌ ನಿಲ್ದಾಣದಿಂದ ದೂರದ ಸುರತ್ಕಲ್‌ಗೆ ಹೋಗುವುದೂ ಒಂದೇ ಅಲ್ಲ. ಉಡುಪಿಯಿಂದ ಮಣಿಪಾಲಕ್ಕೆ ಬಸ್ ಸಿಗುತ್ತದೆ, ಆದರೆ ಸಂಜೆ ಎಂಟಕ್ಕೆ ಕರೆದು ಹತ್ತರ ಸುಮಾರಿಗೆ ಬಿಟ್ಟರೆ ವಾಪಸ್ ಹೋಗಲು ಆಟೋವೇ ಗತಿ, ಅದೂ ರಾತ್ರಿ ದರದಲ್ಲಿ. ಆ ಹಣ ನಿಮ್ಮದು, ಟಿಪ್ಸ್ ಲೆಕ್ಕಕ್ಕೆ ಬರುವುದಿಲ್ಲ. ಮಡಚುವ ಟೇಬಲ್ 15 ಕಿಲೋ ಆಸುಪಾಸು ತೂಗುತ್ತದೆ. ಲಿಫ್ಟ್ ಇಲ್ಲದ ಮೂರನೇ ಮಹಡಿಯಾದರೆ ಮೊದಲೇ ಹೇಳಿ.

ಬಿಲ್ಲಿನಲ್ಲಿ ಜಿಎಸ್‌ಟಿ ಇದ್ದರೆ ಒಮ್ಮೆ ಕಣ್ಣು ಹಾಯಿಸಿ. ಸಲೂನ್, ಜಿಮ್, ದೇಹಾರೈಕೆಯ ಸೇವೆಗಳ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 18ರಿಂದ ಶೇ 5ಕ್ಕೆ ಇಳಿದಿದೆ. ತೆರಿಗೆ ಹಾಕುವವರ ಬಿಲ್ಲಿನಲ್ಲಿ 15 ಅಕ್ಷರಗಳ ನೋಂದಣಿ ಸಂಖ್ಯೆ ಇರಬೇಕು. ಕರ್ನಾಟಕದ್ದಾದರೆ ಅದು 29ರಿಂದ ಶುರುವಾಗುತ್ತದೆ. ವರ್ಷಕ್ಕೆ 20 ಲಕ್ಷದೊಳಗೆ ದುಡಿಯುವ ಒಬ್ಬಂಟಿ ಥೆರಪಿಸ್ಟ್ ನೋಂದಣಿ ಮಾಡಿಸಬೇಕಾಗಿಲ್ಲ, ನೋಂದಣಿ ಇಲ್ಲದೆ ಜಿಎಸ್‌ಟಿ ಕೇಳುವಂತೆಯೂ ಇಲ್ಲ.

ಇನ್ನು ಟಿಪ್ಸ್

ಸೆಂಟರ್ ಅಥವಾ ಆ್ಯಪ್ ಕಳಿಸಿದವರಿಗೆ ನೀವು ಕಟ್ಟಿದ ಹಣದಲ್ಲಿ ಒಂದು ಪಾಲು ಮಾತ್ರ ಸೇರುತ್ತದೆ. ಹಾಗಾಗಿ ಟಿಪ್ಸ್ ನಿಜವಾಗಿ ಬೇಕಿರುವುದು ಇವರಿಗೆ. ಶೇ 10 ಹಿಡಿದು ಮೇಲಿನ ನೂರಕ್ಕೆ ಏರಿಸಿ: ಬಿಲ್ 1,800 ಆದರೆ 200. ಕೂಪನ್ ಹಾಕಿ 1,200ಕ್ಕೆ ಸಿಕ್ಕಿದ್ದರೂ ಲೆಕ್ಕ 1,800ರ ಮೇಲೆಯೇ, ಏಕೆಂದರೆ ಕೆಲಸ ಅಷ್ಟೇ ಆಗಿದೆ. ಇಬ್ಬರು ಬಂದಿದ್ದರೆ ಇಬ್ಬರ ಕೈಗೂ ಬೇರೆ ಬೇರೆ ಕೊಡಿ. "ಹಂಚಿಕೊಳ್ಳಿ" ಅಂದರೆ ಹಿರಿಯವರ ಚೀಲದಲ್ಲೇ ಉಳಿಯುವುದುಂಟು.

ಸ್ವಂತವಾಗಿ ಬರುವವರಿಗೆ ಪೂರ್ತಿ ದರ ಅವರದೇ. 1,350 ಹೇಳಿದ್ದರೆ 1,500 ಕೊಟ್ಟು "ಚಾಕ್ಕೆ ಇಟ್ಟುಕೊಳ್ಳಿ" ಅಂದರೆ ಸಾಕು. ಆಟಿಯಲ್ಲಿ (ಮಳೆಗಾಲದ ತುಳು ತಿಂಗಳು) ಏಳು ದಿನ, ಹದಿನಾಲ್ಕು ದಿನ ಎಂದು ಸಾಲಾಗಿ ಮಾಡಿಸುವವರು ದಿನವೂ ಟಿಪ್ಸ್ ಕೊಡಬಾರದು. ಮೂರನೇ ದಿನ ಚಿಲ್ಲರೆ ಇಲ್ಲದೆ ಕೊಡದಿದ್ದರೆ ಏನೋ ತಪ್ಪಾಯಿತೆಂದು ಅವರು ಭಾವಿಸುತ್ತಾರೆ. ಕೊನೆಯ ದಿನ ಒಂದೇ ಸಲ, ಒಂದು ದಿನದ ದರದ ಅರ್ಧದಿಂದ ಪೂರ್ತಿಯವರೆಗೆ ಕೊಡಿ.

ಸೆಂಟರಿನ ಕ್ಯೂಆರ್‌ಗೆ ಟಿಪ್ಸ್ ಕಳಿಸಿದರೆ ಅದು ಮಾಲೀಕರ ಖಾತೆಗೆ ಹೋಗುತ್ತದೆ. ಸ್ಕ್ಯಾನ್ ಮಾಡಿದಾಗ ಬರುವ ಹೆಸರು ಎದುರಿಗಿರುವವರದೇ ಎಂದು ನೋಡಿ. ಮಹಿಳೆಯರ ಮಟ್ಟಿಗೆ ನಗದೇ ಮೇಲು: ಫೋನ್ ನಂಬರ್ ಆಚೆ ಈಚೆ ಹೋಗುವುದಿಲ್ಲ. ಬಟ್ಟೆ ಹಾಕಿಕೊಂಡು, ಹೊರಗಿನ ಕೋಣೆಯಲ್ಲಿ, ಕೆಲಸ ಮುಗಿದ ಮೇಲೆ ಕೊಡಿ. ಮಾಲೀಶು ನಡೆಯುವಾಗ "ಚೆನ್ನಾಗಿ ಮಾಡಿ, ನೋಡಿಕೊಳ್ಳುತ್ತೇನೆ" ಎಂಬ ಮಾತು ಬೇಡವೇ ಬೇಡ. ಒಬ್ಬರೇ ಮನೆಯೊಳಗಿರುವ ಕೆಲಸಗಾರ್ತಿಗೆ ಅದು ಬೇರೆಯೇ ಅರ್ಥ ಕೊಡುತ್ತದೆ. ಅಂಥ ಮಾತಿಗೆ ಅವರು ಎದ್ದು ಹೋದರೆ ಪೂರ್ತಿ ದರ ಕೊಡಬೇಕಾದ್ದೇ.

ಕೆಲಸ ಹಿಡಿಸದಿದ್ದರೆ ಟಿಪ್ಸ್ ಕಡಿತಗೊಳಿಸಿ ಸುಮ್ಮನಾಗಬೇಡಿ, ಕಾರಣ ಅವರಿಗೆ ತಿಳಿಯುವುದೇ ಇಲ್ಲ. ಮಾಲೀಶು ನಡೆಯುತ್ತಿರುವಾಗಲೇ "ಭುಜಕ್ಕೆ ಒತ್ತಡ ಕಡಿಮೆ ಮಾಡಿ" ಎನ್ನಿ. ಬರಬೇಕಾದ ಹೊತ್ತಿಗೆ ಎರಡು ಗಂಟೆಯೂ ಇಲ್ಲದಿರುವಾಗ ಬುಕಿಂಗ್ ರದ್ದು ಮಾಡಿದರೆ, ಅವರು ಹೊರಟಿದ್ದರೆ, ಹೋಗಿ ಬರುವ ಖರ್ಚು ಕಳಿಸುವುದು ಮರ್ಯಾದೆ. ಜೂನ್-ಜುಲೈಯ ಮಳೆಯಲ್ಲಂತೂ ಹೌದು.

ಬಾಳಂತಿ ಮೀಯಿಸುವವರ ಲೆಕ್ಕ

ಇಲ್ಲಿ ದರ ದಿನದ್ದು, ಅವಧಿ ಹೆಚ್ಚಾಗಿ 40 ದಿನ. ತಾಯಿ ಮಗು ಸೇರಿ ಒಂದೇ ದರವೋ, ಬೇರೆ ಬೇರೆಯೋ ಕೇಳಿ. ಅವಳಿ ಮಕ್ಕಳಾದರೆ ಖಂಡಿತ ಬದಲಾಗುತ್ತದೆ. ಹಬ್ಬಕ್ಕೆ, ನೇಮಕ್ಕೆ (ದೈವದ ಕೋಲಕ್ಕೆ) ಹೋಗಿ ಬಾರದ ದಿನದ ಹಣ ಮುರಿಯುವುದೋ, 41ನೇ ದಿನ ಸರಿಗಟ್ಟುವುದೋ ಎಂಬುದೂ ಮೊದಲೇ ತೀರ್ಮಾನವಾಗಲಿ. 40 ದಿನದ ಹಣ ಮುಂಗಡ ಕೊಡಬೇಡಿ, ವಾರಕ್ಕೊಮ್ಮೆ ಕೊಡಿ. ಸಿಸೇರಿಯನ್ ಆಗಿದ್ದರೆ ಡಾಕ್ಟರು ಹೇಳಿದ ದಿನದಿಂದಲೇ ಶುರು, ಹೊಟ್ಟೆಗೆ ಒತ್ತುವುದು ಬೇಡವೆಂದು ಸ್ಪಷ್ಟವಾಗಿ ಹೇಳಿ.

ಫ್ಲ್ಯಾಟುಗಳಲ್ಲಿ ತೊಂದರೆ ಬರುವುದು ಬಿಸಿನೀರಿನಿಂದ. ಹಂಡೆ ನೀರಿನಲ್ಲಿ ಪಳಗಿದವರಿಗೆ 15 ಲೀಟರ್ ಗೀಸರ್ ಸಾಲುವುದಿಲ್ಲ. ಅದು ಮತ್ತೊಮ್ಮೆ ಕಾಯುವ ತನಕ ಎಣ್ಣೆ ಮೈಯಲ್ಲಿ ಬಾಳಂತಿ ಚಳಿಗೆ ಕೂರಬೇಕು, ಮೀಯಿಸುವವರಿಗೆ ಮುಂದಿನ ಮನೆ ತಡವಾಗುತ್ತದೆ. ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಇನ್ನೊಂದಿಷ್ಟು ನೀರು ಕಾಯಿಸಿಡಿ. ಅವರು ಕಾದು ಕುಳಿತ ಹೊತ್ತಿಗೆ ಯಾರೂ ಟಿಪ್ಸ್ ಕೊಡುವುದಿಲ್ಲ, ಆದರೆ ಹೊತ್ತು ಹೋಗುವುದು ಅವರದೇ.

ಇವರಿಗೆ ದಿನದ ಟಿಪ್ಸ್ ರೂಢಿ ಇಲ್ಲ, ಒಂದು ಲೋಟ ಚಾ, ತಿಂಡಿ ಸಾಕು. ಕೊನೆಯ ದಿನ ಅಕ್ಕಿ, ತೆಂಗಿನಕಾಯಿ, ವೀಳ್ಯದೆಲೆ ಅಡಿಕೆ, ಸೀರೆ, ಮೇಲೊಂದಿಷ್ಟು ಹಣ ಕೊಡುವ ಕ್ರಮ ಹಲವು ಮನೆಗಳಲ್ಲಿದೆ. ಹಣ ಎರಡು ಮೂರು ದಿನದ ದರದಷ್ಟಾದರೂ ಇರಲಿ. ಸೀರೆ ಕೊಟ್ಟೆವೆಂದು ಹಣ ಕಡಿತ ಮಾಡಬೇಡಿ. ಅವರ ಕಪಾಟಿನಲ್ಲಿ ಇಂಥ ಸೀರೆಗಳು ಬೇಕಾದಷ್ಟಿರುತ್ತವೆ. "ಸೀರೆಯೋ, ಅದರ ಹಣವೋ?" ಎಂದು ಕೇಳಿದರೆ ಯಾರೂ ಬೇಸರಪಡುವುದಿಲ್ಲ. ಸೀರೆಯೇ ಆದರೆ ಕುಪ್ಪಸ ಹೊಲಿಸುವ ಕೂಲಿಯನ್ನೂ ಜೊತೆಗಿಡಿ, ಇಲ್ಲವಾದರೆ ನೀವು ಕೊಟ್ಟ ಸೀರೆ ಉಡಲು ಅವರೇ ಕೈಯಿಂದ ಖರ್ಚು ಮಾಡಬೇಕಾಗುತ್ತದೆ.