ಬಂಗಾಳ ಕೊಲ್ಲಿ ನೋಡಿಕೊಂಡು ಮೆಕ್ಕೆಜೋಳ ಒಣಗಿಸಿದ್ದು: ನನ್ನ ಅನುಭವ

ನವೆಂಬರ್ ಸೈಕ್ಲೋನ್ ಅಂದರೆ ಮೆಕ್ಕೆಜೋಳದವರಿಗೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಕಣದಲ್ಲಿ ಹರಡಿದ ಕಾಳು ಎರಡು ದಿನ ಜಡಿಮಳೆಗೆ ಸಿಕ್ಕರೆ ಬೂಷ್ಟು ಹಿಡಿಯುತ್ತದೆ. ದಾವಣಗೆರೆ ಮಂಡಿಯಲ್ಲಿ ಕ್ವಿಂಟಲ್‌ಗೆ 200-300 ರೂಪಾಯಿ ಇಳಿಸಿಯೇ ಕೇಳುತ್ತಾರೆ. ಹಾಗಂತ ಮೋಡ ಕಂಡಾಗಲೆಲ್ಲ ರಾಶಿ ಮಾಡಿ ತಾಡಪಾಲು ಹೊದಿಸಿದರೆ ಕೂಲಿ ದುಡ್ಡು ದಂಡ, ಒಳಗೆ ಕಾಳೂ ಬೆವರುತ್ತದೆ. 'ಸಮುದ್ರ ಎಲ್ಲಿ, ಜಗಳೂರು ಎಲ್ಲಿ? ಸುಮ್ನೆ ಮೊಬೈಲ್ ನೋಡ್ತಾ ಕೂರ್ತೀಯಲ್ಲೋ' ಅಂದವರೇ ಈಗ ಒಕ್ಕಣೆಗೆ ಮುಂಚೆ ನನಗೆ ಫೋನ್ ಮಾಡುತ್ತಾರೆ.

ಆ್ಯಪ್ ತೋರಿಸುವ ಮಳೆ ಅಂಕಿ ಕೆಲಸಕ್ಕೆ ಬರಲಿಲ್ಲ. ಒಂದು ಆ್ಯಪ್‌ಗೆ ವರ್ಷಕ್ಕೆ ಸಾವಿರ ಚಿಲ್ಲರೆ ಕಟ್ಟಿದ್ದೆ. ಹತ್ತು ದಿನ ಮೊದಲು 80 ಮಿಲಿಮೀಟರ್ ಅಂದಿತು, ಮರುದಿನ ಸೊನ್ನೆ. ಜಿಎಫ್‌ಎಸ್ ಅನ್ನುವ ಅಮೆರಿಕದ ಹವಾಮಾನ ಮಾಡೆಲ್ ಅಷ್ಟು ದಿನ ಮುಂಚೆ ಸೈಕ್ಲೋನ್ ಹುಟ್ಟಿಸುವುದು ಜಾಸ್ತಿ. ಐದು ದಿನದಾಚೆಗಿನದನ್ನು ನಾನೀಗ ನೋಡುವುದೇ ಇಲ್ಲ.

ಸಮುದ್ರದ ನೀರಿನ ಬಿಸಿ ನೋಡುವುದನ್ನೂ ಬಿಟ್ಟಿದ್ದೇನೆ. ಸೈಕ್ಲೋನ್ ಹುಟ್ಟಲು 26.5 ಡಿಗ್ರಿ ಬೇಕು ಅನ್ನುತ್ತಾರೆ. ನವೆಂಬರಿನಲ್ಲಿ ಕೊಲ್ಲಿಯ ದಕ್ಷಿಣಕ್ಕೆ ಅದಕ್ಕಿಂತ ಜಾಸ್ತಿಯೇ ಇರುತ್ತದೆ, ಅದರಿಂದ ಏನು ತಿಳಿದ ಹಾಗಾಯಿತು? ನಾನು ನೋಡುವುದು 850ರ ಗಾಳಿ, ಅಂದರೆ ಒತ್ತಡ 850 ಹೆಕ್ಟೊಪಾಸ್ಕಲ್ ಇರುವ, ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದ ಗಾಳಿ. ಜಿಎಫ್‌ಎಸ್, ಯುರೋಪಿನ ಮಾಡೆಲ್ ಎರಡರಲ್ಲೂ ಸುಳಿ ಪೂರ್ತಿ ಮುಚ್ಚಿರಬೇಕು, ಅಂದರೆ ಗಾಳಿ ಸುತ್ತಲೂ ಒಂದು ಪೂರ್ತಿ ಸುತ್ತು ಹಾಕುತ್ತಿರಬೇಕು. ಆಮೇಲೆ 200ರ ಗಾಳಿ, ಅದು ಸುಮಾರು ಹನ್ನೆರಡು ಕಿಲೋಮೀಟರ್ ಮೇಲಿನದು. ಮೇಲಿನ ಗಾಳಿ ಜೋರಿದ್ದರೆ ಮೋಡವನ್ನು ಸುಳಿಯಿಂದ ಪಕ್ಕಕ್ಕೆ ತಳ್ಳಿಬಿಡುತ್ತದೆ. ಕೊನೆಗೆ ಇನ್ಸಾಟ್ ಉಪಗ್ರಹದ ಮೋಡದ ಚಿತ್ರ. ಸಮುದ್ರದ ಮೇಲೆ ಮೋಡ ಬೆಳಗಿನ ಜಾವ ಉಬ್ಬುತ್ತದೆ, ಮಧ್ಯಾಹ್ನಕ್ಕೆ ಕರಗುತ್ತದೆ. ಮಧ್ಯಾಹ್ನವೂ ಕರಗದೆ ಸುಳಿಯ ನೆತ್ತಿಯ ಮೇಲೇ ನಿಂತಿದ್ದರೆ ಅದು ಬೆಳೆಯುವ ಗಿರಾಕಿ. 500ರ ನಕ್ಷೆಯಲ್ಲಿ ಇನ್ನೊಂದು ಗುರುತು ಇದೆ. ಅದು ನನ್ನ ಹತ್ತಿರವೇ ಇರಲಿ.

ಇನ್ನು ದಾರಿ. ಪುದುಚೇರಿ ಕಡೆ ದಡ ಹತ್ತಿ ಪಶ್ಚಿಮಕ್ಕೆ ಬಂದರೆ ನಮಗೆ ತೊಂದರೆ. ಆಂಧ್ರದ ದಡ ಹಿಡಿದು ಉತ್ತರಕ್ಕೆ ಹೋದರೆ ಕಣ ಮುಚ್ಚಬೇಕಾಗಿಲ್ಲ. 2023ರ ಡಿಸೆಂಬರ್ 5ರಂದು ಮಿಚಾಂಗ್ ಸೈಕ್ಲೋನ್ ಆಂಧ್ರದ ಬಾಪಟ್ಲ ಹತ್ತಿರ ದಡ ಹತ್ತಿತು. ಅಕ್ಕಪಕ್ಕದವರೆಲ್ಲ ರಾಶಿ ಮುಚ್ಚಿದ್ದರು. ನಾನು ಹರಡಿಯೇ ಬಿಟ್ಟೆ, ಕಾಳಿನ ತೇವಾಂಶ ಶೇಕಡಾ 14ರ ಆಸುಪಾಸಿಗೆ ಇಳಿಯಿತು.

ಮರುವರ್ಷದ ಫೆಂಗಲ್ ಎಲ್ಲರನ್ನೂ ಸತಾಯಿಸಿತು. ನವೆಂಬರ್ 27ಕ್ಕೇ ಸೈಕ್ಲೋನ್ ಆಗುತ್ತದೆ ಅಂದರು, ಆಗಲಿಲ್ಲ. ಮೇಲಿನ ಗಾಳಿ ತಡೆದಿತ್ತು. 'ಠುಸ್ ಆಯ್ತು ಬಿಡಪ್ಪಾ' ಅಂದರು. ಆದರೆ ಸುಳಿ ಬಿಚ್ಚಿರಲಿಲ್ಲ, ದಾರಿಯೂ ನಮ್ಮ ಕಡೆಗೇ ಇತ್ತು. ನಾನು ಎರಡು ಟ್ರ್ಯಾಕ್ಟರ್ ಮಾಲು ಆಗಲೇ ಮಂಡಿಗೆ ಸಾಗಿಸಿದೆ, ಉಳಿದದ್ದನ್ನು ಒಳಗೆ ಹಾಕಿದೆ. 29ಕ್ಕೆ ಅದು ಸೈಕ್ಲೋನ್ ಆಯಿತು, 30ರ ರಾತ್ರಿ ಪುದುಚೇರಿ ಹತ್ತಿರ ದಡ ಹತ್ತಿ ಅಲ್ಲೇ ಕೂತಿತು. ಡಿಸೆಂಬರ್ ಮೊದಲ ವಾರ ನಮ್ಮಲ್ಲಿ ಬಿಸಿಲೇ ಇಲ್ಲ, ಜಡಿಮಳೆ. ನನಗೆ ಉಳಿದದ್ದು ಅಂದಾಜು ಮೂವತ್ತು ಸಾವಿರ.

ಮಾಳಿಗೆ ಮೇಲೆ ಒತ್ತಡ ಅಳೆಯುವ ಸೆನ್ಸರ್ ಕೂಡ ಇಟ್ಟೆ, 200 ರೂಪಾಯಿಯದು. ಒತ್ತಡ ದಿನಾ ಬೆಳಗ್ಗೆ ಹತ್ತಕ್ಕೆ ಏರಿ ಸಂಜೆ ನಾಲ್ಕಕ್ಕೆ ಇಳಿಯುತ್ತದೆ. ಆ ಏರಿಳಿತದಲ್ಲಿ ದೂರದ ಸೈಕ್ಲೋನ್ ಕಾಣುವುದೇ ಇಲ್ಲ. ದುಡ್ಡು ಹಾಕಬೇಡಿ.

ಅರಬ್ಬೀ ಸಮುದ್ರಕ್ಕೆ ಈ ಲೆಕ್ಕ ಇನ್ನೂ ಕೂತಿಲ್ಲ. 2023ರ ಜೂನ್‌ನಲ್ಲಿ ಬಿಪರ್‌ಜಾಯ್ ಸೈಕ್ಲೋನಿನ ದಾರಿ ಬಗ್ಗೆ ಮಾಡೆಲ್‌ಗಳೇ ದಿನಗಟ್ಟಲೆ ಕಿತ್ತಾಡಿದವು, ಕೊನೆಗೆ ಅದು ಗುಜರಾತಿಗೆ ಹೋಯಿತು. ಬಿತ್ತನೆ ಸಮಯಕ್ಕೆ ಸರಿಯಾಗಿ ಬರುವುದು ಅಲ್ಲಿನವೇ ಅಲ್ವಾ? ಅದಕ್ಕೇ ಈ ಸಲ ಮೇ ತಿಂಗಳಿಂದಲೇ ಅಲ್ಲಿನ 200ರ ಗಾಳಿ ಬರೆದಿಡುತ್ತಿದ್ದೇನೆ.